ಜೀರ್ಣೋದ್ಧಾರವೂ ಜೀರ್ಣರಕ್ಷೆಯೂ

ಕವಿಯನ್ನು ವಿಮರ್ಶಿಸುವವರು ನಮ್ಮಲ್ಲಿ ಹಲವರುಂಟು. ಕವಿಯ ಕೃತಿಯನ್ನು ಹುಳು, ನೀರು, ಬೆಂಕಿಗಳ ಬಾಯಿಂದ ಬಿಡಿಸಿ ನಮ್ಮ ಕೈಗೆ ಮುಟ್ಟಿಸಿದವರ ಕೆಲಸವನ್ನು ವಿಮರ್ಶಿಸುವವರು ಮಾತ್ರ ವಿರಳ. ಶಿಲ್ಪಿಯ ವಿಷಯದಲ್ಲಿಯೂ ಹಾಗೆಯೇ. ಗುಡಿಯನ್ನು ಕಟ್ಟಿದವನನ್ನು ಹೊಗಳುತ್ತೇವೆ. ಬಿರುಕು ಬಿಟ್ಟ ಗುಡಿಯನ್ನು ಹಿಡಿದು ನಿಲ್ಲಿಸಿದವನ ಹೆಸರನ್ನೂ ಕೇಳುವುದಿಲ್ಲ. ಆದರೆ ದುರಸ್ತಿಯೂ ಒಂದು ರಚನೆಯೇ. ಅದಕ್ಕೂ ಗುಣದೋಷಗಳುಂಟು. ಆ ಗುಣದೋಷಗಳನ್ನು ನಮ್ಮ ಸೀಮೆಯ ಉದಾಹರಣೆಗಳಿಂದಲೇ ತೂಗಿ ನೋಡಬೇಕೆಂಬುದು ಈ ಲೇಖನದ ಉದ್ದೇಶ.

ನಮ್ಮ ಹಿರಿಯರಿಗೆ ಈ ವಿಚಾರ ಹೊಸದಾಗಿರಲಿಲ್ಲ. ಕನ್ನಡ ಶಾಸನಗಳಲ್ಲಿ ದೇವಾಲಯಗಳಿಗೆ ಭೂಮಿಯನ್ನು ದತ್ತಿ ಬಿಡುವಾಗ ಅಂಗಭೋಗ, ರಂಗಭೋಗಗಳ ಜೊತೆಯಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಮುರಿದುದು ಖಂಡ, ಒಡೆದುದು ಸ್ಫುಟಿತ. ಕಟ್ಟುವ ದಿನವೇ ಇದು ಒಡೆಯುವುದೆಂಬ ಅರಿವು ದಾನಿಗೆ ಇತ್ತು. ಒಡೆದಾಗ ಸರಿಪಡಿಸುವವನ ಅನ್ನಕ್ಕೂ ಅವನು ಹೊಲವನ್ನು ಬಿಟ್ಟನು. ಇದು ದೊಡ್ಡ ಮಾತು. ಆದರೆ ಜೀರ್ಣವಾದುದನ್ನು ‘ಉದ್ಧಾರ’ ಮಾಡುವುದು ಎಂದರೇನು? ಹಳೆಯದನ್ನು ತೆಗೆದು ಹೊಸದು ಮಾಡುವುದೆ? ಹಳೆಯದನ್ನು ಹಳೆಯದಾಗಿಯೇ ಉಳಿಸುವುದೆ? ಎಲ್ಲ ವಾದವೂ ಈ ಒಂದು ಪದದ ಸುತ್ತಲೇ ಇದೆ.

ವಿದ್ಯಾರ್ಥಿಗಳಿಗೆ ಪರಿಚಿತವಾದ ಗ್ರಂಥಸಂಪಾದನೆಯನ್ನು ಮೊದಲು ತೆಗೆದುಕೊಳ್ಳೋಣ. ಓಲೆಗರಿಯ ಅಂಚು ಮುರಿದು ನಾಲ್ಕು ಅಕ್ಷರಗಳು ಹೋಗಿವೆ ಎನ್ನಿ. ಸಂಪಾದಕನು ಛಂದಸ್ಸು ಬಲ್ಲವನು. ಆ ನಾಲ್ಕು ಅಕ್ಷರಗಳನ್ನು ತಾನೇ ಹೊಸೆದು ತುಂಬಬಲ್ಲನು. ಆದರೂ ಒಳ್ಳೆಯ ಸಂಪಾದಕನು ಅಲ್ಲಿ ಚುಕ್ಕೆಗಳನ್ನಿಟ್ಟು ಬಿಡುತ್ತಾನೆ. ಊಹಿಸಿದರೆ ಅದನ್ನು ಕಂಸದೊಳಗಿಟ್ಟು ಊಹೆಯೆಂದು ಹೇಳುತ್ತಾನೆ. ಡಿ. ಎಲ್. ನರಸಿಂಹಾಚಾರ್ಯರಂಥ ವಿದ್ವಾಂಸರು ಕನ್ನಡ ಗ್ರಂಥಸಂಪಾದನೆಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದ್ದು ಇಂಥ ಸಂಯಮದಿಂದಲೇ. ಆ ಚುಕ್ಕೆಗಳು ಸಂಪಾದಕನ ಸೋಲೆಂದು ಕೆಲವರು ತಿಳಿಯುತ್ತಾರೆ. ನಮ್ಮ ಮತದಲ್ಲಿ ಅವು ಅವನ ಪ್ರಾಮಾಣಿಕತೆಯ ಮುದ್ರೆ.

ಕಲ್ಲಿನ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುತ್ತದೆ. ಜಾನ್ ಮಾರ್ಷಲರು ೧೯೨೩ರಲ್ಲಿ ಭಾರತದ ಪುರಾತತ್ತ್ವ ಇಲಾಖೆಗೆ ರಚಿಸಿಕೊಟ್ಟ ಸಂರಕ್ಷಣಾ ಕೈಪಿಡಿಯು ನವೀಕರಣಕ್ಕಿಂತ ರಕ್ಷಣೆಯೇ ಮೊದಲ ಕರ್ತವ್ಯವೆಂದು ವಿಧಿಸಿತು. ೧೯೬೪ರಲ್ಲಿ ವೆನಿಸ್ ನಗರದಲ್ಲಿ ಸೇರಿದ ತಜ್ಞರು ಒಪ್ಪಿದ ಸನ್ನದು ಇನ್ನೂ ಸ್ಪಷ್ಟವಾಗಿದೆ: ಊಹೆ ಎಲ್ಲಿ ಆರಂಭವಾಗುವುದೋ ಅಲ್ಲಿ ದುರಸ್ತಿ ನಿಲ್ಲಬೇಕು, ಹೊಸದಾಗಿ ಸೇರಿಸಿದ ಭಾಗವು ಹಳೆಯದರೊಡನೆ ಹೊಂದಿಕೊಳ್ಳಬೇಕು, ಆದರೆ ಹಳೆಯದೆಂದು ನಟಿಸಬಾರದು. ಓಲೆಗರಿಯ ಮೇಲಿನ ಚುಕ್ಕೆಗೂ ಕಲ್ಲಿನ ಗೋಡೆಯಲ್ಲಿ ಕೆತ್ತನೆಯಿಲ್ಲದೆ ಬಿಟ್ಟ ಬೋಳು ತುಂಡಿಗೂ ಅರ್ಥ ಒಂದೇ.

ಇನ್ನು ನಮ್ಮ ಸೀಮೆಗೆ ಬರೋಣ. ಗದ್ವಾಲದಿಂದ ಆಗ್ನೇಯಕ್ಕೆ, ತುಂಗಭದ್ರೆಯ ದಡದಲ್ಲಿರುವ ಆಲಂಪುರವನ್ನು ನೋಡದ ಕನ್ನಡ ವಿದ್ಯಾರ್ಥಿಯು ಚಾಲುಕ್ಯರ ಪಾಠವನ್ನು ಅರ್ಧವೇ ಓದಿದಂತೆ. ಅಲ್ಲಿಯ ನವಬ್ರಹ್ಮ ದೇವಾಲಯಗಳು ಏಳು–ಎಂಟನೆಯ ಶತಮಾನಗಳಲ್ಲಿ ಬಾದಾಮಿಯ ಚಾಲುಕ್ಯರ ಕಾಲದಲ್ಲಿ ಎದ್ದವು. ಹೆಸರು ಬ್ರಹ್ಮನದಾದರೂ ಅವೆಲ್ಲ ಶಿವಾಲಯಗಳೇ. ಮುಂದೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದೇ ಊರಿನಲ್ಲಿ ಕನ್ನಡ ಶಾಸನಗಳು ನಿಂತವು. ಬಾದಾಮಿ, ಪಟ್ಟದಕಲ್ಲುಗಳ ಬಂಧುತ್ವವನ್ನು ಕಣ್ಣಾರೆ ಕಾಣಲು ನಾವು ದೂರ ಹೋಗಬೇಕಾಗಿಲ್ಲ.

ಆಲಂಪುರದ ಹತ್ತಿರ, ಕೃಷ್ಣೆ ತುಂಗಭದ್ರೆಯರು ಸೇರುವಲ್ಲಿ ಕೂಡವೆಲ್ಲಿ ಎಂಬ ಊರಿತ್ತು. ಹೆಸರಿನಲ್ಲಿಯೇ ‘ಕೂಡು’ ಧಾತು ಕೇಳಿಸುತ್ತದೆ. ಅಲ್ಲಿ ಚಾಲುಕ್ಯ ಶೈಲಿಯ ಸಂಗಮೇಶ್ವರ ದೇವಾಲಯವಿತ್ತು. ಶ್ರೀಶೈಲದ ಅಣೆಕಟ್ಟು ಏಳುತ್ತಿದ್ದಂತೆ ಆ ಸ್ಥಳವು ಹಿನ್ನೀರಿಗೆ ಸೇರುವುದು ಖಚಿತವಾಯಿತು. ಆಗ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ತಂದು ಮತ್ತೆ ಕಟ್ಟಿದರು. ಪಾಪನಾಶಿಯ ಗುಡಿಗಳ ಗುಂಪನ್ನೂ ಹೀಗೆಯೇ ಸ್ಥಳಾಂತರಿಸಿದರು. ಇಂಥ ಕೆಲಸದಲ್ಲಿ ಪ್ರತಿಯೊಂದು ಕಲ್ಲಿಗೂ ಅಂಕೆ ಕೊಟ್ಟು, ನಕ್ಷೆ ತೆಗೆದು, ಶಿಖರದಿಂದ ಕೆಳಕ್ಕೆ ಬಿಚ್ಚಿ, ತಳದಿಂದ ಮೇಲಕ್ಕೆ ಕಟ್ಟಬೇಕು. ಒಂದು ಅಂಕೆ ತಪ್ಪಿದರೆ ಒಂದು ಪದ್ಯದ ಪಾದ ಇನ್ನೊಂದಕ್ಕೆ ಸೇರಿದಂತಾಗುತ್ತದೆ. ಆ ಕೆಲಸವನ್ನು ಮಾಡಿದ ಎಂಜಿನಿಯರರು, ಕಲ್ಲುಕುಟಿಗರು, ಕೂಲಿಕಾರರು ಯಾರೂ ತಮ್ಮ ಅಂಕಿತವನ್ನು ಗೋಡೆಯ ಮೇಲೆ ಬಿಟ್ಟು ಹೋಗಲಿಲ್ಲ. ಅವರಿಗೆ ನಾವು ಋಣಿಗಳು.

ಆದರೆ ವಿಮರ್ಶಕನ ಕರ್ತವ್ಯ ಕೃತಜ್ಞತೆಯಲ್ಲಿಯೇ ಮುಗಿಯುವುದಿಲ್ಲ. ಸಂಗಮೇಶ್ವರನೆಂದರೆ ಸಂಗಮದ ಒಡೆಯನು. ಕಲ್ಲುಗಳು ಬಂದವು, ಸಂಗಮವು ಬರಲಿಲ್ಲ. ಹೊಸ ನೆಲೆಯಲ್ಲಿ ಗುಡಿಯು ಪೂರ್ಣವಾಗಿದೆ, ಹೆಸರು ಮಾತ್ರ ಅನಾಥವಾಗಿದೆ. ಒಳ್ಳೆಯ ಅನುವಾದದಲ್ಲಿ ಅರ್ಥವೆಲ್ಲ ಬಂದು ಮೂಲದ ನಾದವೊಂದು ಹಿಂದೆ ಉಳಿದಂತೆ ಇದು.

ಇದಕ್ಕೆ ಎದುರಾಗಿ, ಇದೇ ಕೃಷ್ಣೆಯ ಮೇಲ್ದಂಡೆಯಲ್ಲಿರುವ ಕೂಡಲಸಂಗಮವನ್ನು ಇಟ್ಟು ನೋಡಬೇಕು. ನಾರಾಯಣಪುರದ ಜಲಾಶಯದ ನೀರು ಬಸವಣ್ಣನವರ ಐಕ್ಯಸ್ಥಳವನ್ನು ಮುಟ್ಟುವಂತಾದಾಗ ಆ ಸ್ಥಳವನ್ನು ಕದಲಿಸಲಿಲ್ಲ. ಅದರ ಸುತ್ತ ಬಾವಿಯಂತೆ ಎತ್ತರವಾದ ಗೋಡೆಯನ್ನು ಕಟ್ಟಿದರು. ಈಗ ಯಾತ್ರಿಕನು ಮೆಟ್ಟಿಲಿಳಿದು ಹೋಗಿ ಐಕ್ಯಲಿಂಗವನ್ನು ಕಾಣುತ್ತಾನೆ. ಇಲ್ಲಿ ಸ್ಥಳವು ಉಳಿಯಿತು, ನೋಟವು ಹೋಯಿತು. ನದಿಯ ದಡದಲ್ಲಿ ಬಯಲಿಗೆ ತೆರೆದುಕೊಂಡಿದ್ದುದು ಬಾವಿಯ ತಳಕ್ಕೆ ಸೇರಿತು. ಕೂಡವೆಲ್ಲಿಯಲ್ಲಿ ರೂಪವನ್ನು ಉಳಿಸಿ ಸ್ಥಳವನ್ನು ಬಿಟ್ಟರು. ಕೂಡಲಸಂಗಮದಲ್ಲಿ ಸ್ಥಳವನ್ನು ಉಳಿಸಿ ಆವರಣವನ್ನು ಬಿಟ್ಟರು. ಯಾವುದು ಮೇಲು? ಶಿಲ್ಪವೇ ಮುಖ್ಯವಾದ ಕಡೆ ಮೊದಲನೆಯದು, ನೆಲವೇ ಪವಿತ್ರವಾದ ಕಡೆ ಎರಡನೆಯದು ಎಂದು ನಮಗೆ ತೋರುತ್ತದೆ. ಆದರೆ ಎರಡರಲ್ಲಿಯೂ ನಷ್ಟವುಂಟೆಂಬುದನ್ನು ಮುಚ್ಚಿಡಬಾರದು. ಗೋಡೆ ಕಟ್ಟಿದ ಮಾತ್ರಕ್ಕೆ ನದಿಯು ಸುಮ್ಮನಾಗುವುದೂ ಇಲ್ಲ: ೨೦೦೯ರ ಅಕ್ಟೋಬರಿನ ಮಹಾಪೂರದಲ್ಲಿ ಆಲಂಪುರದೊಳಕ್ಕೆ ನೀರು ನುಗ್ಗಿತೆಂಬುದನ್ನು ಈ ಸೀಮೆಯವರು ಮರೆತಿಲ್ಲ.

ಸದುದ್ದೇಶದಿಂದಲೇ ಆದ ತಪ್ಪಿಗೂ ಒಂದು ನಿದರ್ಶನ ಬೇಕು. ನಾರಾಯಣಪೇಟೆ, ಮಕ್ತಲ, ಗದ್ವಾಲಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, ೧೯೧೪ರಲ್ಲಿ ಆ ಸಂಸ್ಥಾನವು ಪುರಾತತ್ತ್ವ ಇಲಾಖೆಯನ್ನು ಆರಂಭಿಸಿತು. ಗುಲಾಮ್ ಯಜ್ದಾನಿಯವರು ಅದರ ಮುಖ್ಯಸ್ಥರಾದರು. ಆಗ ಅಜಂತಾ ಗುಹೆಗಳೂ ಅದೇ ಸಂಸ್ಥಾನಕ್ಕೆ ಸೇರಿದ್ದವು. ಅಲ್ಲಿಯ ಭಿತ್ತಿಚಿತ್ರಗಳು ಪುಡಿಯಾಗಿ ಉದುರುತ್ತಿದ್ದುದನ್ನು ತಡೆಯಲು ೧೯೨೦–೨೨ರಲ್ಲಿ ಇಟಲಿಯಿಂದ ಲೊರೆಂಜೊ ಚೆಕ್ಕೋನಿ ಎಂಬ ತಜ್ಞರನ್ನೂ ಅವರ ಸಹಾಯಕರಾದ ಓರ್ಸಿನಿಯವರನ್ನೂ ಕರೆಸಿದರು. ಅವರು ಸಡಿಲವಾದ ಗಾರೆಯನ್ನು ಗೋಡೆಗೆ ಹಿಡಿಸಿದರು; ಆ ಉಪಕಾರವು ಸಣ್ಣದಲ್ಲ. ಆದರೆ ಚಿತ್ರಗಳ ಮೇಲೆ ಬಳಿದ ಅರಗಿನ ಮೆರುಗೆಣ್ಣೆಯು ಕಾಲಕ್ರಮದಲ್ಲಿ ಹಳದಿಗಟ್ಟಿ, ಧೂಳನ್ನು ಹಿಡಿದು, ಮೂಲದ ಬಣ್ಣಗಳನ್ನು ಮಂಕುಮಾಡಿತು. ಮುಂದಿನ ತಲೆಮಾರಿನ ರಸಾಯನಜ್ಞರು ಆ ಮೆರುಗನ್ನು ಅಂಗುಲ ಅಂಗುಲವಾಗಿ ತೆಗೆಯುವುದರಲ್ಲಿ ದಶಕಗಳನ್ನು ಕಳೆಯಬೇಕಾಯಿತು. ಚೆಕ್ಕೋನಿಯವರನ್ನು ಹಳಿಯುವುದು ಸುಲಭ. ಅವರು ತಮ್ಮ ಕಾಲದ ತಿಳಿವಳಿಕೆಗೆ ತಕ್ಕಂತೆ ನಡೆದರು. ಕಲಿಯತಕ್ಕ ಪಾಠ ಬೇರೆ: ಇಂದು ಮಾಡಿದ್ದನ್ನು ನಾಳೆ ಬಲ್ಲವನೊಬ್ಬನು ಬಿಡಿಸಿ ತೆಗೆಯುವಂತಿರಬೇಕು. ದುರಸ್ತಿಯು ಕೊನೆಯ ಮಾತಾಗಬಾರದು.

ಈ ಪಾಠವು ದೂರದ ಗುಹೆಗಳಿಗೆ ಮಾತ್ರ ಸೀಮಿತವಲ್ಲವೆಂಬುದಕ್ಕೆ ನಾವೇ ಸಾಕ್ಷಿ. ಮಕ್ತಲ ಸೀಮೆಯ ಒಂದು ಹಳ್ಳಿಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆವು. ಗುಡಿಯ ಬಾಗಿಲ ಬಳಿ ಹಳಗನ್ನಡ ಅಕ್ಷರಗಳ ಕಲ್ಲೊಂದಿದೆ ಎಂದು ಮೊದಲೇ ಹುಡುಗರಿಗೆ ಹೇಳಿದ್ದೆವು. ಹೋಗಿ ನೋಡಿದರೆ ಗುಡಿಗೆಲ್ಲ ಹೊಳೆಯುವ ಎಣ್ಣೆಬಣ್ಣ. ಶಾಸನದ ಕಲ್ಲಿಗೆ ನೀಲಿ. ಅಕ್ಷರಗಳ ಗುಳಿಗಳೆಲ್ಲ ತುಂಬಿಹೋಗಿದ್ದವು. ನಮ್ಮ ಮುಖವನ್ನು ನೋಡಿ ಊರಿನ ಹಿರಿಯರೊಬ್ಬರು, “ದೇವರ ಗುಡಿ ಹಂಗ ಹಾಳು ಬಿದ್ದಿದ್ರ ಊರಿಗೆ ಛಲೋ ಏನ್ರೀ ಮಾಸ್ತರ? ನಾವು ಮನಿಗೊಬ್ರು ಪಟ್ಟಿ ಹಾಕಿ ಬಣ್ಣ ಹಚ್ಚೀವ್ರಿ” ಎಂದರು.

ಆ ಮಾತಿಗೆ ಥಟ್ಟನೆ ಉತ್ತರ ಕೊಡುವುದು ನಮ್ಮಿಂದಾಗಲಿಲ್ಲ. ಅವರ ಮಾತಿನಲ್ಲಿ ನ್ಯಾಯವಿತ್ತು. ಪೂಜೆ ನಡೆಯುವ ಗುಡಿಯು ವಸ್ತುಸಂಗ್ರಹಾಲಯವಲ್ಲ; ಅದು ಊರಿನವರದು. ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಭೂಮಿ ಬಿಟ್ಟ ಹಿಂದಿನ ದಾನಿಯ ಭಕ್ತಿಯೇ ಮನೆಗೊಬ್ಬರಂತೆ ಪಟ್ಟಿ ಹಾಕಿದವರಲ್ಲಿಯೂ ಇತ್ತು. ತಪ್ಪಿದ್ದುದು ಭಕ್ತಿಯಲ್ಲಲ್ಲ, ಬಣ್ಣದಲ್ಲಿ. ಹಿಂದೆ ಅದೇ ಕಲ್ಲಿಗೆ ಸುಣ್ಣ ಬಳಿಯುತ್ತಿದ್ದರು. ಸುಣ್ಣವು ಉಸಿರಾಡುತ್ತದೆ, ನೀರು ಹಾಕಿ ಮೆತ್ತಗೆ ಉಜ್ಜಿದರೆ ಬಿಟ್ಟುಕೊಡುತ್ತದೆ. ಎಣ್ಣೆಬಣ್ಣವು ಕಲ್ಲಿನೊಳಗಿನ ತೇವವನ್ನು ಹೊರಬಿಡದೆ ಕಟ್ಟಿಹಾಕುತ್ತದೆ. ತೆಗೆಯಹೋದರೆ ಅಕ್ಷರದ ಅಂಚನ್ನೂ ಕಿತ್ತುಕೊಂಡು ಬರುತ್ತದೆ. ಮರಳೆರಚುವ ಯಂತ್ರದಿಂದ ತೆಗೆಸಿದರಂತೂ ಬಣ್ಣದೊಡನೆ ಉಳಿಯ ಗುರುತೂ ಹೋಗುತ್ತದೆ. ಇದನ್ನು ಹಿರಿಯರಿಗೆ ಮೊದಲೇ ಹೇಳಬೇಕಾಗಿದ್ದವರು ನಾವು. ಆ ಕಲ್ಲಿನಲ್ಲಿ ಅವರ ಊರಿನ ಕನ್ನಡವಿದೆಯೆಂದು ಓದಿ ಹೇಳಿದವರು ಯಾರೂ ಇರಲಿಲ್ಲ. ಓದಬಲ್ಲವರು ಸುಮ್ಮನಿದ್ದರೆ ಓದಲಾರದವರನ್ನು ದೂರಿ ಫಲವೇನು?

ಹೊಸದು ಕಟ್ಟಬಾರದೆಂದು ನಮ್ಮ ಹಟವಿಲ್ಲ. ಆಲಂಪುರದ ಜೋಗುಳಾಂಬೆಯ ಮೂಲ ಗುಡಿಯು ಹಾಳಾದ ಮೇಲೆ ದೇವಿಯ ವಿಗ್ರಹವು ಶತಮಾನಗಳ ಕಾಲ ಬಾಲಬ್ರಹ್ಮ ದೇವಾಲಯದಲ್ಲಿತ್ತು. ಈ ಶತಮಾನದ ಆರಂಭದಲ್ಲಿ ಆಕೆಗೆ ಹೊಸ ಗುಡಿಯಾಯಿತು. ಅದು ಹೊಸದೆಂಬುದು ಎಲ್ಲರಿಗೂ ತಿಳಿದಿದೆ. ಹೊಸದು ಹೊಸದಾಗಿಯೇ ನಿಂತು, ಪಕ್ಕದ ಹಳೆಯದನ್ನು ಹಳೆಯದಾಗಿಯೇ ಬಿಟ್ಟರೆ ಅದರಲ್ಲಿ ಮೋಸವಿಲ್ಲ. ಮೋಸವಾಗುವುದು ಎರಡನ್ನೂ ಕಲಸಿದಾಗ.

ಆದ್ದರಿಂದ ದುರಸ್ತಿಯನ್ನು ವಿಮರ್ಶಿಸಲು ಮೂರು ಪ್ರಶ್ನೆಗಳು ಸಾಕು. ಸೇರಿಸಿದ್ದು ಸೇರಿಸಿದ್ದೆಂದು ಗುರುತಾಗುತ್ತದೆಯೆ? ಮಾಡಿದ್ದನ್ನು ಮುಂದಿನವರು ಬಿಡಿಸಬಹುದೆ? ಮಾಡುವ ಮೊದಲು ಇದ್ದ ಸ್ಥಿತಿಯನ್ನು ಯಾರಾದರೂ ಬರೆದಿಟ್ಟಿದ್ದಾರೆಯೆ? ಮೊದಲ ಎರಡಕ್ಕೆ ತಜ್ಞರು ಬೇಕು. ಮೂರನೆಯದಕ್ಕೆ ಕನ್ನಡ ಶಾಲೆಯ ಒಬ್ಬ ಉಪಾಧ್ಯಾಯನೂ ನಾಲ್ವರು ಹುಡುಗರೂ ಸಾಕು.

ಆ ದಿನ ನಮ್ಮ ವಿದ್ಯಾರ್ಥಿಗಳು ನೀಲಿ ಕಲ್ಲಿನ ಮುಂದೆ ಕುಳಿತು, ಬೆಳಕು ಓರೆಯಾಗಿ ಬೀಳುವ ಸಂಜೆಯವರೆಗೆ ಕಾದು, ಕಂಡಷ್ಟು ಅಕ್ಷರಗಳನ್ನು ವಹಿಯಲ್ಲಿ ಇಳಿಸಿಕೊಂಡರು. ಒಬ್ಬ ಹುಡುಗನು ಕಾಣದ ಕಡೆ ತನಗೆ ತೋಚಿದ ಅಕ್ಷರವನ್ನು ಬರೆದಿದ್ದನು. ಅದನ್ನು ಹೊಡೆದು ಹಾಕಿ ಚುಕ್ಕೆ ಇಡಲು ಹೇಳಿದೆವು. ಅವನ ಹಾಳೆಯಲ್ಲಿ ಅಕ್ಷರಗಳಿಗಿಂತ ಚುಕ್ಕೆಗಳೇ ಹೆಚ್ಚಾದವು. ಆ ಹಾಳೆಯನ್ನು ನಾವು ಜೋಪಾನವಾಗಿ ಇಟ್ಟಿದ್ದೇವೆ. ನಮ್ಮ ಓದುಗರೂ ತಮ್ಮ ತಮ್ಮ ಊರಿನ ಕಲ್ಲುಗಳಿಂದ ಅಂಥ ಹಾಳೆಗಳನ್ನು ಬರೆದಿಡಲಿ. ಮುಂದಿನ ಬಣ್ಣ ಬೀಳುವ ಮೊದಲೇ ಬರೆದಿಡಲಿ.