ಅಂಗಳಕ್ಕಿಳಿದ ಸಾಲಿಗ್ರಾಮ

ಹೊಸನಗರ ಸೀಮೆಯ ನಮ್ಮ ಹಳೆಯ ಮನೆಯ ಉಪ್ಪರಿಗೆಯಲ್ಲಿ, ಹಂಚಿನ ಮೇಲೆ ಜಡಿಮಳೆ ಮೂರು ದಿನದಿಂದ ಬಿಡದೆ ಸುರಿಯುತ್ತಿದ್ದ ಒಂದು ಆಷಾಢದಲ್ಲಿ, ಇಪ್ಪತ್ತರ ಪ್ರಾಯದ ನಾನು ಅನಂತಮೂರ್ತಿಯವರ ‘ಭಾರತೀಪುರ’ವನ್ನು ಓದಿ ಮುಗಿಸಿದವನೇ ಕೆಳಗಿಳಿದು ದೇವರ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದೆ. ತಾಮ್ರದ ಸಂಪುಟದೊಳಗೆ ಅಡಕೆಗಿಂತ ತುಸು ದೊಡ್ಡದಾದ, ತುಳಸಿ-ಗಂಧಗಳ ವಾಸನೆ ಹತ್ತಿದ, ಕರಿಯ ನುಣುಪು ಸಾಲಿಗ್ರಾಮ. ಗಂಡಕೀ ನದಿಯಲ್ಲಿ ದೊರೆಯುವ ಆ ಶಿಲೆ ಭೂವಿಜ್ಞಾನಿಯ ಪಾಲಿಗೆ ಪುರಾತನ ಕಡಲಜೀವಿಯೊಂದರ ಪಳೆಯುಳಿಕೆ ಎಂಬುದು ನನಗೆ ತಿಳಿದಿತ್ತು. ಆದರೂ ಕೈ ಮುಂದೆ ಹೋಗಲಿಲ್ಲ. ತಡೆದದ್ದು ಒಳಗೆ ಮಜ್ಜಿಗೆ ಕಡೆಯುತ್ತಿದ್ದ ಸೋದರತ್ತೆಯ ಕಡೆಗೋಲಿನ ಸದ್ದೇ ಹೊರತು ಭಕ್ತಿಯೇನೂ ಅಲ್ಲ.

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಜನಿಸಿದ ಲೇಖಕರ ಈ ಕೃತಿ ಪ್ರಕಟವಾದದ್ದು 1973ರಲ್ಲಿ. ಇಂಗ್ಲೆಂಡಿನಿಂದ ಮರಳಿದ ತರುಣ ಜಗನ್ನಾಥನು, ಮಂಜುನಾಥಸ್ವಾಮಿಯ ಮಹಿಮೆಯನ್ನೇ ಉಂಡುಟ್ಟು ಬದುಕುವ ತನ್ನೂರನ್ನು ಎಚ್ಚರಿಸುವೆನೆಂದು ದಲಿತರ ದೇವಾಲಯಪ್ರವೇಶವನ್ನು ಸಂಕಲ್ಪಿಸಿ, ಅದಕ್ಕೆ ಮುನ್ನ ಮನೆಯ ಸಾಲಿಗ್ರಾಮವನ್ನೇ ಹೊರಗೆ ತಂದು, ಚಿಕ್ಕಿ ತಲ್ಲಣಿಸುತ್ತಿರಲು, ಮುಟ್ಟಿರೆಂದು ಅವರೆದುರು ಚಾಚುತ್ತಾನೆ. ಬರಿಯ ಕಲ್ಲೆಂದು ತೋರಿಸಹೊರಟವನ ಹಠದಿಂದಲೇ ಆ ಕಲ್ಲು ಹಿಂದೆಂದಿಗಿಂತ ಹೆಚ್ಚು ದೇವರಾಗಿಬಿಡುತ್ತದೆ! ಅವರು ಹಿಂಜರಿದಂತೆಲ್ಲ ಇವನು ಕ್ರೂರನಾಗುತ್ತಾನೆ.

ಅಂದು ನಾನೇ ಜಗನ್ನಾಥನಾಗಿ ಓದಿದ್ದೆ. ಮೊನ್ನೆ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ಮತ್ತೆ ಓದುವಾಗ ಕಣ್ಣು ನೆಟ್ಟದ್ದು ಆ ದಲಿತರಲ್ಲೊಬ್ಬನಾದ ಪಿಳ್ಳನ ಮೇಲೆ, ಅವನ ಸಂಗಡಿಗರ ಮೇಲೆ: ಯಾರದೋ ಆತ್ಮಶೋಧನೆಗಾಗಿ ತಾವು ಕೈ ನೀಡಬೇಕಾಗಿ ಬಂದ ಆ ಬಡಪಾಯಿಗಳ ಮೇಲೆ. ಜಮೀನ್ದಾರನ ಮಗನಿಗೆ ಸಂಶಯವೂ ಒಂದು ಆಸ್ತಿಯೇ ಸರಿ. ಕುಪ್ಪಳಿಯ ಕವಿ ಕುವೆಂಪು 1936ರಲ್ಲಿ ಕಡೆದ ‘ಕಾನೂರು ಹೆಗ್ಗಡಿತಿ’ಯ ಹೂವಯ್ಯನಿಗಾದರೆ ಒಳಗಿನ ಕೋಟಲೆಯನ್ನು ಒಪ್ಪಿಸಲು ಕಾಡು-ಬೆಟ್ಟಗಳಿದ್ದವು. ಜಗನ್ನಾಥನಿಗೆ ಎದುರಿಗಿರುವ ಮನುಷ್ಯರೇ ಗತಿ.

ಜಗನ್ನಾಥನ ಇಂಗ್ಲೆಂಡಿನ ಗೆಳತಿ ಮಾರ್ಗರೆಟ್ಟಳ ನೆನಪಿನ ಪುಟಗಳು ನನಗೆ ಈಗಲೂ ಒಣಗಿದಂತೆಯೇ ತೋರುತ್ತವೆ. ಆದರೆ ಸಾಲಿಗ್ರಾಮದ ಅಧ್ಯಾಯಕ್ಕೆ ಸಮನಾದುದನ್ನು ನಮ್ಮ ನವ್ಯ ಕಾದಂಬರಿಗಳಲ್ಲಿ ನಾನು ಕಾಣೆ.

ಅತ್ತೆ ಈಗಿಲ್ಲ. ಸಂಪುಟ ಸಾಗರದ ನಮ್ಮ ಮನೆಯ ಕಪಾಟಿನಲ್ಲಿದೆ, ನಿತ್ಯಪೂಜೆ ನಿಂತು ವರ್ಷಗಳಾದವು. ಧೂಳು ಒರೆಸಲೆಂದು ಅದನ್ನು ತೆಗೆಯುವಾಗ ಇಂದಿಗೂ ಸ್ನಾನ ಮಾಡಿಯೇ ತೆಗೆಯುತ್ತೇನೆ.