ಎರಡು ಪೌಂಡಿನ ‘ವೆಸ್ಟ್ ಮೀಟ್ಸ್ ಈಸ್ಟ್’

ಶನಿವಾರ ಬಂತೆಂದರೆ ನಾವಿಬ್ಬರೂ ಚಾರಿಟಿ ಅಂಗಡಿಗಳಲ್ಲಿ ಹಳೆಯ ರೆಕಾರ್ಡು ಹುಡುಕುವುದು ಇಂಗ್ಲೆಂಡಿನಲ್ಲಿ ನಮಗೆ ಅಂಟಿದ ಚಾಳಿ. ಕಳೆದ ತಿಂಗಳು ಕ್ರಿಸ್‌ಮಸ್ ಹಾಡುಗಳ ನಡುವೆ ಯೆಹೂದಿ ಮೆನುಹಿನ್ ಮತ್ತು ಪಂಡಿತ್ ರವಿಶಂಕರರ ‘ವೆಸ್ಟ್ ಮೀಟ್ಸ್ ಈಸ್ಟ್’ (1967) ಸಿಕ್ಕಿತು. ಎಕ್ಸ್‌ರೇಯಂತೆ ಬೆಳಕಿಗೆ ಹಿಡಿದು ನೋಡಿದೆವು. ಆಳವಾದ ಗೀರಿರಲಿಲ್ಲ, ಎರಡು ಪೌಂಡು ಕೊಟ್ಟು ತಂದೆವು.

ಗ್ರ್ಯಾಮಿ ಪಡೆದ ಈ ತಟ್ಟೆಯನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಹೆಸರಿನಲ್ಲಿರುವ ಭೇಟಿ ಒಳಗೆ ಅಪರೂಪ. ಗುಣಕಲಿ ಆಧಾರಿತ ‘ಪ್ರಭಾತಿ’ಯಲ್ಲಿ ಪಿಟೀಲಿಗೆ ಅಲ್ಲಾ ರಖಾ ಅವರ ತಬಲಾ ಇದೆ, ಸಿತಾರ್ ಇಲ್ಲ. ಪೂರಿಯಾ ಕಲ್ಯಾಣದಲ್ಲಿ ಸಿತಾರ್ ಇದೆ, ಪಿಟೀಲಿಲ್ಲ. ತಿಲಂಗ್ ಆಧಾರಿತ ‘ಸ್ವರ ಕಾಕಲಿ’ಯಲ್ಲಿ ಮಾತ್ರ ಇಬ್ಬರೂ ಕೂಡುತ್ತಾರೆ. ಅಲ್ಲಿಯೂ ಮೆನುಹಿನ್ ರಚಿಸಿಕೊಟ್ಟದ್ದನ್ನೇ ಶ್ರದ್ಧೆಯಿಂದ, ಅಳುಕುತ್ತ ನುಡಿಸುತ್ತಾರೆ. ಚೌಡಯ್ಯನವರ ಏಳು ತಂತಿಯ ಪಿಟೀಲನ್ನು ರೇಡಿಯೋದಲ್ಲಿ ಕೇಳಿದ ನಮ್ಮ ಕಿವಿಗೆ ಅದು ಸಾಲದು.

ತಟ್ಟೆ ಮಗುಚಿದರೆ ಮೆನುಹಿನ್‌ರ ಗುರು ಎನೆಸ್ಕು 1926ರಲ್ಲಿ ರುಮೇನಿಯಾದ ಜಾನಪದ ಧಾಟಿಯಲ್ಲಿ ರಚಿಸಿದ ಸೊನಾಟಾ. ಪಿಯಾನೋ ತಂಗಿ ಹೆಫ್ಜಿಬಾ ಅವರದು. ಇಲ್ಲಿ ಅದೇ ಪಿಟೀಲು ನಿರ್ಭಯವಾಗಿ ಜಾರುತ್ತದೆ, ಬಳುಕುತ್ತದೆ, ಬಿಕ್ಕುತ್ತದೆ. ನಮ್ಮ ರಾಗ ಬಿಟ್ಟಾಗಲೇ ಆತ ನಮಗೆ ಹತ್ತಿರವಾಗುತ್ತಾರೆ!

ಯುಗಾದಿಯಂದು ನಮ್ಮ ಮಕ್ಕಳು ಬಾಯಿಪಾಠ ಮಾಡಿದ ದೇವರನಾಮವನ್ನು ಹೆದರುತ್ತ ಹಾಡುವುದು ನೆನಪಾಯಿತು. ಚಪ್ಪಾಳೆ ತಟ್ಟುತ್ತೇವೆ, ಸರಿ. ಅವರು ಮನೆಯಲ್ಲಿ ತಮ್ಮಿಷ್ಟದ್ದನ್ನು ನುಡಿಸುವಾಗ ನಾವು ಕೂತು ಕೇಳಿದ್ದೇವೆಯೇ? ನಾವಂತೂ ಬಾಗಿಲು ಮುಚ್ಚಿಕೋ ಎಂದದ್ದೇ ಹೆಚ್ಚು.

ರೆಕಾರ್ಡು ಬೇಕಾದವರು ಒಯ್ಯಬಹುದು. ಎರಡನೆಯ ಮಗ್ಗುಲು ಕೇಳದೆ ಮಾತ್ರ ಹಿಂತಿರುಗಿಸಬೇಡಿ.