ಐರಿಷ್ ಚಮಚದ ಮೇಲಿನ ಎರಡು ಅಕ್ಷರ: ಹೆಸರು ಹೇಳುವ ಮುನ್ನ

ಹಳೆಯ ಐರಿಷ್ ಬೆಳ್ಳಿ ಚಮಚದ ಹಿಂಬದಿಯಲ್ಲಿ ಎರಡು ಅಕ್ಷರ ಕಂಡರೆ ಸಾಕು, ಹೆಚ್ಚಿನವರು ನೇರವಾಗಿ ಚಾರ್ಲ್ಸ್ ಜಾಕ್ಸನ್ನರ ಪಟ್ಟಿ ತೆಗೆಯುತ್ತಾರೆ. ಅವರ ‘ಇಂಗ್ಲಿಷ್ ಗೋಲ್ಡ್‌ಸ್ಮಿತ್ಸ್ ಅಂಡ್ ದೇರ್ ಮಾರ್ಕ್ಸ್’ 1905ರಲ್ಲಿ ಬಂತು. ಹೆಸರಲ್ಲಿ ಇಂಗ್ಲಿಷ್ ಇದ್ದರೂ ಐರ್ಲೆಂಡಿನ ಮುದ್ರೆಗಳೂ ಅದರಲ್ಲಿವೆ. ದೊಡ್ಡ ಕೆಲಸ, ಅನುಮಾನವೇ ಇಲ್ಲ. ನನ್ನ ತಕರಾರು ಅದನ್ನು ಬಳಸುವ ರೀತಿಯ ಬಗ್ಗೆ. ಪಟ್ಟಿಯಲ್ಲಿ ಮುದ್ರೆ ಇದೆ, ಪಕ್ಕದಲ್ಲಿ ಹೆಸರಿದೆ. ಅಕ್ಷರ ಕೂಡಿದರೆ ಅಕ್ಕಸಾಲಿ ಸಿಕ್ಕಿಬಿಟ್ಟ ಅಂತ ತೀರ್ಮಾನ.

18ನೇ ಶತಮಾನದ ಕೊನೆಯ ಡಬ್ಲಿನ್‌ನಲ್ಲಿ ಜಾನ್ ಪಿಟ್ಟರ್ ಇದ್ದ, ಜಾನ್ ಪವರ್ ಕೂಡ ಇದ್ದ. ಆಗಿನ ಮುದ್ರೆಗಳಲ್ಲಿ ‘ಜೆ’ ಬದಲು ಸಾಮಾನ್ಯವಾಗಿ ‘ಐ’ ಕೆತ್ತುತ್ತಿದ್ದರು. ಹಾಗಾದರೆ ‘ಐ ಪಿ’ ಯಾರದು? ಇಲ್ಲಿ ಅಕ್ಷರಕ್ಕಿಂತ ಅದರ ಸುತ್ತಲಿನ ಚೌಕಟ್ಟು ಮುಖ್ಯ: ಅಂಡಾಕಾರವೋ, ಆಯತವೋ, ಮೂಲೆ ಕತ್ತರಿಸಿದೆಯೋ, ಅಕ್ಷರಗಳ ನಡುವೆ ಚುಕ್ಕಿ ಇದೆಯೋ. ಅಚ್ಚಿನ ಅಂಚು ಒಂದು ಕಡೆ ಮುಕ್ಕಾಗಿದ್ದರೆ ಆ ಮುಕ್ಕು ಮುಂದಿನ ಚಮಚಗಳಲ್ಲೂ ಕಾಣುತ್ತದೆ. ನನಗೆ ಹೆಸರಿಗಿಂತ ಅಂಥ ಮುಕ್ಕಿನ ಮೇಲೇ ನಂಬಿಕೆ ಜಾಸ್ತಿ.

ಪಕ್ಕದ ಮುದ್ರೆಗಳನ್ನೂ ಓದಬೇಕು. ಡಬ್ಲಿನ್ ಅಕ್ಕಸಾಲಿಗರ ಸಂಘಕ್ಕೆ 1637ರಲ್ಲಿ ರಾಜಸನ್ನದು ಸಿಕ್ಕಿತು. ಕಿರೀಟ ಹೊತ್ತ ಹಾರ್ಪ್ ವಾದ್ಯ ಬೆಳ್ಳಿಯ ಶುದ್ಧತೆಯ ಗುರುತು. ಕುಳಿತ ಹೆಣ್ಣಿನ ರೂಪದ ಹೈಬರ್ನಿಯಾ 1730ರಲ್ಲಿ ಸುಂಕದ ಗುರುತಾಗಿ ಸೇರಿದಳು. 1807ರಲ್ಲಿ ರಾಜನ ತಲೆ ಬಂತು, 1890ರಲ್ಲಿ ಹೋಯಿತು. ಹೈಬರ್ನಿಯಾ ಇದ್ದು ತಲೆ ಇಲ್ಲದಿದ್ದರೆ ಕಾಲದ ಮಿತಿ ಸುಮಾರಾಗಿ ಗೊತ್ತಾಗುತ್ತದೆ. ವರ್ಷಾಕ್ಷರವನ್ನು 18ನೇ ಶತಮಾನದ ಡಬ್ಲಿನ್‌ನಲ್ಲಿ ಎಷ್ಟೋ ಸಲ ಹಾಕುತ್ತಲೇ ಇರಲಿಲ್ಲ. ಅಂಥ ಚಮಚಕ್ಕೆ ‘1786’ ಎಂದು ಚೀಟಿ ಅಂಟಿಸುವುದು ಬರೀ ಧೈರ್ಯ.

ಇನ್ನೊಂದು ತೊಡಕಿದೆ. ‘ವೆಸ್ಟ್’, ‘ಲಾ’ ಎಂಬಂಥ ಪೂರ್ತಿ ಹೆಸರುಗಳು ಎಷ್ಟೋ ಬಾರಿ ಮಾರಿದ ಅಂಗಡಿಯವು, ಬಡಿದ ಕೈಯದಲ್ಲ. ಶಾಸನದಲ್ಲಿ ಬರೆಸಿದವನು, ಬರೆದವನು, ಕೆತ್ತಿದವನು ಬೇರೆ ಬೇರೆ ಅಂತ ನಮಗೆ ಚೆನ್ನಾಗಿ ಗೊತ್ತು. ಚಮಚದ ವಿಷಯದಲ್ಲಿ ಮಾತ್ರ ಯಾಕೆ ಮರೆಯುತ್ತೇವೋ!

ಈ ಆತುರದಿಂದ ಹೆಚ್ಚು ಪೆಟ್ಟು ತಿನ್ನುವುದು ಕಾರ್ಕ್ ಮತ್ತು ಲಿಮೆರಿಕ್‌ನ ಚಮಚಗಳು. ಅಲ್ಲಿ ಪರೀಕ್ಷಾ ಕಚೇರಿ ಇರಲಿಲ್ಲ. ಪ್ರತಿ ಸಾಮಾನನ್ನೂ ಡಬ್ಲಿನ್‌ಗೆ ಕಳಿಸುವುದು ಖರ್ಚಿನ, ಅಪಾಯದ ಕೆಲಸ. ಅಕ್ಕಸಾಲಿಗಳು ತಮ್ಮ ಅಕ್ಷರದ ಜೊತೆ ‘ಸ್ಟರ್ಲಿಂಗ್’ ಎಂದು ತಾವೇ ಒತ್ತುತ್ತಿದ್ದರು. ಕಾಗುಣಿತವೂ ಅವರವರ ಇಷ್ಟ, ‘ಸ್ಟಾರ್ಲಿಂಗ್’ ಅಂತಲೂ ಸಿಗುತ್ತದೆ. ಕೆಲವದರ ಮೇಲೆ ‘ಡಾಲರ್’ ಇದೆ: ಸ್ಪೇನಿನ ಬೆಳ್ಳಿ ನಾಣ್ಯ ಕರಗಿಸಿ ಮಾಡಿದ್ದು. ಹಾರ್ಪ್ ಇಲ್ಲ ಅಂತ ಇವನ್ನು ನಕಲಿ ಎಂದು ಪಕ್ಕಕ್ಕಿಟ್ಟರೆ ಮುಂದಿನ ದಾರಿ ಕುಲುಮೆಯೇ. ಒಂದು ಊರಿನ ಕೆಲಸದ ಸಾಕ್ಷಿ ಅಲ್ಲಿಗೆ ಮುಗಿಯಿತು.

ಆದ್ದರಿಂದ ಚಿತ್ರ ಹಾಕುವವರು ಎರಡು ಅಕ್ಷರವನ್ನಷ್ಟೇ ಕತ್ತರಿಸಿ ಹಾಕಬೇಡಿ. ಹಿಡಿಕೆಯ ಮೇಲಿರುವ ಎಲ್ಲಾ ಮುದ್ರೆಗಳೂ, ಅವುಗಳ ಅಂಚೂ ಕಾಣುವ ಹಾಗೆ, ಓರೆ ಬೆಳಕಿನಲ್ಲಿ ತೆಗೆಯಿರಿ.